ಇಸಿಜಿ ನಾರ್ಮಲ್, ಆದರೂ ಎದೆ ಬಡಿತ: ದ್ರಾಕ್ಷಿ ಬೆಳೆಗಾರರೊಬ್ಬರ ಪ್ರಕರಣ

ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ತಿಕೋಟಾ ಕಡೆಯ ಈ ರೈತರು ವಿಜಯಪುರಕ್ಕೆ ನನ್ನ ಬಳಿ ಬಂದಾಗ ಅವರಿಗೆ 41 ವರ್ಷ. ಅಣ್ಣತಮ್ಮ ಇಬ್ಬರೂ ಕೂಡಿ ಮಾಡುವ ಒಕ್ಕಲುತನ, ನಾಲ್ಕು ಎಕರೆ ದ್ರಾಕ್ಷಿ ಪಡ, ಮನೆ ತುಂಬ ಜನ. ನಾಲ್ಕು ತಿಂಗಳಿಂದ ಅವರು ತಮ್ಮದೇ ಪಡಕ್ಕೆ ಒಬ್ಬರೇ ಕಾಲಿಟ್ಟಿರಲಿಲ್ಲ. ಟ್ರ್ಯಾಕ್ಟರ್ ಮುಟ್ಟಿರಲಿಲ್ಲ. ಬಚ್ಚಲಿಗೆ ಹೋದರೂ ಒಳಗಿಂದ ಚಿಲಕ ಹಾಕುತ್ತಿರಲಿಲ್ಲ. ಹೃದಯಕ್ಕೆ ಏನೂ ಆಗಿಲ್ಲ ಅಂತ ಮೂರು ಊರಿನ ಡಾಕ್ಟರು ಹೇಳಿದ್ದರು.

ಇದು ಪ್ಯಾನಿಕ್ ಡಿಸಾರ್ಡರ್, ಅಂದರೆ ಥಟ್ಟನೆ ಮೇಲೆರಗುವ ಗಾಬರಿಯ ಕಾಯಿಲೆ. ಅಪರೂಪದ ಕಾಯಿಲೆ ಏನಲ್ಲ. ಆದರೂ ಇದನ್ನು ಪೂರ್ತಿ ಬರೆದಿಡಬೇಕು ಅನ್ನಿಸಿತು. ಯಾಕೆಂದರೆ ಇಲ್ಲಿ ಭಯಕ್ಕೆ ನೀರೆರೆದದ್ದು ಮನೆಯವರ ಅಕ್ಕರೆ. ನಮ್ಮ ಕಡೆ ಒಬ್ಬರಿಗೆ ಹುಷಾರಿಲ್ಲ ಅಂದರೆ ಇಡೀ ಮನೆ ಸುತ್ತ ನಿಂತುಬಿಡುತ್ತೆ. ಅದು ನಮ್ಮ ದೊಡ್ಡ ಬಲ. ಗಾಬರಿಯ ಕಾಯಿಲೆಯಲ್ಲಿ ಮಾತ್ರ ಅದೇ ಬಲ ಮನುಷ್ಯನನ್ನು ಹಾಸಿಗೆಗೆ ಕಟ್ಟಿಹಾಕುತ್ತೆ. ಆ ಬಲವನ್ನು ಚಿಕಿತ್ಸೆಯ ಕಡೆ ತಿರುಗಿಸೋದು ಹೇಗೆ ಅನ್ನೋದೇ ನಾನು ಇಷ್ಟು ವರ್ಷ ಹುಡುಕುತ್ತಿರುವ ವಿಷಯ.

ಹೆಸರು ಬರೆಯುವುದಿಲ್ಲ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೂ ಅವರ ಹೆಂಡತಿಗೂ ಓದಿ ಹೇಳಿ ಒಪ್ಪಿಗೆ ತಗೊಂಡಿದ್ದೇನೆ.

ಶುರುವಾದದ್ದು

ಅಕ್ಟೋಬರ್ ಚಾಟನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮುಗಿದು ಪಡದಲ್ಲಿ ಹೂ ಬಿಡುವ ಹೊತ್ತು. ಮೋಡ ಕವಿದಿತ್ತು. ಹೂವಿನ ಮೇಲೆ ಮಳೆ ಬಿದ್ದು ಡೌನಿ ರೋಗ ತಗುಲಿದರೆ ವರ್ಷದ ದುಡಿಮೆ ಮಣ್ಣುಪಾಲು. ಹಾಗಾಗಿ ಬೆಳಿಗ್ಗೆಯಿಂದ ಏನೂ ತಿನ್ನದೆ, ಬರೀ ಚಹಾ ಕುಡಿದು, ಮುಖಕ್ಕೆ ಟವೆಲ್ ಬಿಗಿದು ಕಟ್ಟಿಕೊಂಡು ಟ್ರ್ಯಾಕ್ಟರ್ ಮೇಲೆ ಕೂತು ಔಷಧ ಹೊಡೆಯುತ್ತಿದ್ದರು. ಸಾಲಿನ ನಡುವೆ ಇರುವಾಗ ಎದೆ ಬಡಿತ ಏರಿತು. ಕೈಬೆರಳು ಜುಮ್ಮೆಂದವು, ಕಣ್ಣು ಮಂಜಾಯಿತು, ಉಸಿರು ಸಿಗಲಿಲ್ಲ.

“ಇನ್ನ ನಂದು ಮುಗೀತು ಅನಸ್ತ್ರಿ. ಟ್ರ್ಯಾಕ್ಟರ್ ಬಂದ್ ಮಾಡೂದೂ ತಿಳೀಲಿಲ್ಲ” ಅಂದರು.

ಅದಕ್ಕೂ ಆರು ವಾರ ಮುಂಚೆ ಅವರ ದೊಡ್ಡಪ್ಪನ ಮಗ ಊಟಕ್ಕೆ ಕೂತಲ್ಲೇ ಎದೆ ಹಿಡಿದುಕೊಂಡು ತೀರಿಹೋಗಿದ್ದರು. 44 ವರ್ಷ. ಒಂದೇ ಶಾಲೆಗೆ ಹೋದವರು, ಒಂದೇ ವರ್ಷ ದ್ರಾಕ್ಷಿ ಹಚ್ಚಿದವರು. ಆ ದಿನ ಗಾಡಿ ತರಿಸಿದ್ದು, ನೆಂಟರಿಗೆ ಫೋನ್ ಮಾಡಿದ್ದು, ಮಣ್ಣಿನ ಕೆಲಸ ನೋಡಿಕೊಂಡದ್ದು ಎಲ್ಲಾ ಇವರೇ. ಈ ಮಾತು ಮೊದಲ ದಿನ ಅವರ ಬಾಯಿಂದ ಬರಲಿಲ್ಲ. ಅವರ ತಮ್ಮ ಹೇಳಿದರು.

ಮುಂದಿನದು ನೀವೂ ಊಹಿಸಬಹುದು. ವಿಜಯಪುರದಲ್ಲಿ ಇಸಿಜಿ, ರಕ್ತ ಪರೀಕ್ಷೆ. ಮಿರಜದಲ್ಲಿ ಹೃದಯದ ಸ್ಕ್ಯಾನ್ ಆದ ಎಕೋ, ಓಡಿಸಿ ನೋಡುವ ಟಿಎಂಟಿ. ಸೊಲ್ಲಾಪುರಕ್ಕೆ ಹೊರಟ ಬಸ್ಸಿನಲ್ಲೇ ಎರಡನೇ ಗಾಬರಿಯ ಅಟ್ಯಾಕ್. ಅಲ್ಲೂ ಎಲ್ಲಾ ನಾರ್ಮಲ್. “ಗ್ಯಾಸ್ ಇರಬೇಕು” ಅಂದರು ಒಬ್ಬರು. “ಟೆನ್ಶನ್ ಮಾಡ್ಕೋಬ್ಯಾಡ್ರಿ” ಅಂದರು ಇನ್ನೊಬ್ಬರು. ಯಾರೋ ಗಾಬರಿ ಇಳಿಸುವ ಆಲ್ಪ್ರಜೋಲಾಮ್ ಮಾತ್ರೆ ಬರೆದುಕೊಟ್ಟರು. ಅದು ಊರಿನ ಔಷಧ ಅಂಗಡಿಯಲ್ಲಿ ಚೀಟಿ ಇಲ್ಲದೇ ಸಿಗುವಂತಾಯಿತು. ಅವ್ವ ದೇವರಿಗೆ ಹರಕೆ ಹೊತ್ತರು, ಕೊರಳಿಗೆ ತಾಯಿತ ಬಂತು. ಕೊನೆಗೆ, ನಾನು ಕೆಲಸ ಮಾಡುವ ಕಟ್ಟಡದ ಕೆಳಗಿನ ಫಿಜಿಶಿಯನ್ ಎಲ್ಲಾ ಕಾಗದ ನೋಡಿ, ಥೈರಾಯ್ಡ್ ಪರೀಕ್ಷೆ ಒಂದು ಮಾಡಿಸಿ, ಮೇಲೆ ಕಳಿಸಿದರು.

ಚೀಲದ ತುಂಬ ಕಾಗದ

“ನಾ ಏನ್ ಹುಚ್ಚ ಏನ್ರಿ ಮೇಡಂ, ಇಲ್ಲಿಗೆ ಕಳಸಾಕ?” ಅನ್ನುತ್ತಲೇ ಕೂತರು. ಅದಕ್ಕೆ ವಾದ ಮಾಡಲಿಲ್ಲ. “ನಿಮ್ಮ ಫೈಲ್ ಕೊಡ್ರಿ, ನೋಡೋಣ” ಅಂದೆ.

ಬಟ್ಟೆ ಅಂಗಡಿಯ ದೊಡ್ಡ ಚೀಲವೊಂದನ್ನು ಟೇಬಲ್ ಮೇಲೆ ಇಟ್ಟರು. ಅದರಲ್ಲಿ ತಾರೀಖಿನ ಪ್ರಕಾರ ಜೋಡಿಸಿದ ಇಸಿಜಿ ಪಟ್ಟಿಗಳು. ಪ್ರತಿ ಪಟ್ಟಿಗೂ ಒಂದು ಝೆರಾಕ್ಸ್ ಪಿನ್ ಮಾಡಿದ್ದರು. ಯಾಕೆ ಅಂತ ಕೇಳಿದೆ. “ಆ ಕಾಗದದ ಮ್ಯಾಲಿನ ಗೆರಿ ಒಂದ್ ವರ್ಷಕ್ಕ ಅಳಿಸಿ ಹೊಕ್ಕಾವಂತ್ರಿ. ಮುಂದ ಡಾಕ್ಟರ್ ಕೇಳಿದ್ರ ಏನ್ ತೋರಿಸ್ಲಿ?” ನಿಜ, ಇಸಿಜಿಯ ಕಾಗದ ಬಿಸಿಗೆ ಬಣ್ಣ ತಿರುಗುವ ಕಾಗದ, ಕಾಲ ಕಳೆದಂತೆ ಗೆರೆ ಮಾಸುತ್ತೆ. ಎಲ್ಲವೂ ಸರಿ ಇದೆ ಅನ್ನುವ ಪುರಾವೆಯನ್ನು ಇಷ್ಟು ಜೋಪಾನ ಮಾಡುವ ಮನುಷ್ಯ ಆ ಪುರಾವೆಯನ್ನು ಒಂದು ರಾತ್ರಿಯೂ ನಂಬಿ ಮಲಗಿಲ್ಲ. ಕಾಯಿಲೆಯ ಸ್ವರೂಪ ಆ ಚೀಲದಲ್ಲೇ ಇತ್ತು.

ಒಂದೊಂದೇ ಕಾಗದ ತೆಗೆದು, ಆ ದಿನ ಏನಾಯಿತು, ಏನು ತಿಂದಿದ್ದಿರಿ, ಜೊತೆಗೆ ಯಾರಿದ್ದರು ಅಂತ ಕೇಳುತ್ತಾ ಹೋದೆ. ಹುಚ್ಚಿನ ಮಾತು ಮತ್ತೆ ಬರಲಿಲ್ಲ. ದೇಹದ ಕಷ್ಟ ಹೊತ್ತು ಬಂದವರಿಗೆ “ಇದು ಮನಸ್ಸಿನದು” ಅಂತ ಮೊದಲೇ ಹೇಳೋದು, ನಿಮಗೆ ಏನೂ ಆಗಿಲ್ಲ ಅಂದ ಹಾಗೆ ಕೇಳಿಸುತ್ತೆ. ಅವರಿಗೆ ಆದದ್ದೆಲ್ಲಾ ನಿಜವಾಗಿ ಆದದ್ದೇ. ಬಡಿತ ನಿಜ, ಜುಮ್ಮೆನ್ನೋದು ನಿಜ. ಅದರ ಅರ್ಥ ಮಾತ್ರ ತಪ್ಪಾಗಿತ್ತು.

ಒಂದು ಪ್ರಶ್ನೆಯನ್ನು ನಾನು ಬಿಡುವ ಹಾಗಿರಲಿಲ್ಲ. ಮೊದಲ ಅಟ್ಯಾಕ್ ಆದದ್ದು ಔಷಧ ಹೊಡೆಯುವಾಗ. ಕೆಲವು ಕೀಟನಾಶಕಗಳು ಉಸಿರಿನಿಂದ, ಚರ್ಮದಿಂದ ಒಳಗೆ ಹೋದರೆ ಬೆವರು, ಜೊಲ್ಲು, ಸ್ನಾಯುಗಳ ಅದುರು, ಉಸಿರಾಟದ ತೊಂದರೆ ಬರುತ್ತವೆ. ಅದನ್ನು ಗಾಬರಿ ಅಂತ ತಳ್ಳಿಹಾಕಿದರೆ ಜೀವಕ್ಕೇ ಅಪಾಯ. ಫಿಜಿಶಿಯನ್ ಜೊತೆ ಮಾತಾಡಿದೆ. ಆ ದಿನ ಹೊಡೆದದ್ದು ಶಿಲೀಂಧ್ರನಾಶಕ. ಜೊಲ್ಲು, ಸ್ನಾಯುಗಳ ಅದುರು ಇರಲಿಲ್ಲ. ಆಮೇಲಿನ ಅಟ್ಯಾಕ್‌ಗಳೆಲ್ಲಾ ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಹಾಸಿಗೆಯಲ್ಲಿ. ಇಷ್ಟು ಖಚಿತವಾದ ಮೇಲೇ ಮುಂದೆ ಹೋದೆವು. ರೈತರ ಜೊತೆ ಕೆಲಸ ಮಾಡುವ ಯಾವ ಸಮಾಲೋಚಕರೂ ಈ ಹೆಜ್ಜೆ ಬಿಡಬಾರದು ಅಂತ ನಾನು ಬಲವಾಗಿ ನಂಬುತ್ತೇನೆ.

ನಾನು ಈ ಕೆಲಸಕ್ಕೆ ಬಂದ ದಾರಿ

ನನ್ನ ರೀತಿ ಹೀಗೆ ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸೈಕಾಲಜಿ ಎಂ.ಎ. ಮುಗಿಸಿ ಮೊದಲು ಸೇರಿದ್ದು ಬಾಗಲಕೋಟೆ ಜಿಲ್ಲೆಯ ಐಸಿಟಿಸಿ ಕೇಂದ್ರಕ್ಕೆ, ಅಂದರೆ ಎಚ್‌ಐವಿ ಪರೀಕ್ಷೆಗೆ ಬರುವವರ ಜೊತೆ ಮಾತಾಡುವ ಆಪ್ತ ಸಮಾಲೋಚಕಿಯಾಗಿ. ಅಲ್ಲಿ ಒಂದೇ ಊರಿನವರು ಒಂದೇ ಬಸ್ಸಿನಲ್ಲಿ ಬಂದು, ಒಬ್ಬರನ್ನೊಬ್ಬರು ನೋಡಿಲ್ಲದ ಹಾಗೆ ಬೇರೆ ಬೇರೆ ಬೆಂಚಿನ ಮೇಲೆ ಕೂರುತ್ತಿದ್ದರು. ಗುಟ್ಟು ಕಾಯೋದು ಎಷ್ಟು ದೊಡ್ಡ ಜವಾಬ್ದಾರಿ ಅಂತ ಯಾವ ಪಾಠವೂ ನನಗೆ ಅಷ್ಟು ಚೆನ್ನಾಗಿ ಕಲಿಸಲಿಲ್ಲ. ಯಾರಿಗೆ ಏನು ಹೇಳಬೇಕು, ಯಾವಾಗ ಹೇಳಬೇಕು ಅಂತ ತೀರ್ಮಾನಿಸುವವರು ಎದುರಿಗೆ ಕೂತವರು. ನಾನಲ್ಲ.

ಆಮೇಲೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಕ್ಲಿನಿಕಲ್ ಸೈಕಾಲಜಿ ಎಂ.ಫಿಲ್. ಎರಡು ವರ್ಷ ವಾರ್ಡಿನಲ್ಲೇ ಕಳೆಯುವ ತರಬೇತಿ. ಅದು ಮುಗಿದ ಮೇಲೇ ನನಗೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಸಿಕ್ಕಿದ್ದು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಬೇಕಾದರೆ ಆ ನೋಂದಣಿ ಬೇಕು. ನೀವು ಯಾರ ಬಳಿಯಾದರೂ ಹೋಗುವ ಮುಂಚೆ ಅದನ್ನು ಸಂಕೋಚವಿಲ್ಲದೆ ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವವರ ಬಳಿ ಹೋಗೋದು ಬೇಡ.

ಡಿಮ್ಹಾನ್ಸ್‌ನಲ್ಲಿ ನನ್ನ ಕಣ್ಣು ತೆರೆಸಿದ್ದು ರೋಗಿಯ ಮಂಚದ ಪಕ್ಕ ಚಾಪೆ ಹಾಕಿಕೊಂಡು ಕೂತ ಮನೆಯವರು. ನಮ್ಮ ದೇಶದ ಮಾನಸಿಕ ಆಸ್ಪತ್ರೆಗಳು ಒಂದು ಕಾಲಕ್ಕೆ ಬಾಗಿಲು ಮುಚ್ಚಿದ ಜಾಗಗಳಾಗಿದ್ದವು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅನ್ನುವ ಮನೋವೈದ್ಯರು ಆಸ್ಪತ್ರೆ ಅಂಗಳದಲ್ಲೇ ಡೇರೆ ಹಾಕಿಸಿ, ರೋಗಿಗಳ ಮನೆಯವರನ್ನು ಅಲ್ಲೇ ಉಳಿಸಿಕೊಂಡು, ಆರೈಕೆಯಲ್ಲಿ ಪಾಲುದಾರರನ್ನಾಗಿ ಮಾಡಿದರು. ವೆಲ್ಲೂರಿನಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆ ದಾರಿ ಬೆಳೆಯಿತು. ಪುಸ್ತಕದಲ್ಲಿ ಓದಿದ ಥೆರಪಿಯಲ್ಲಿ ಇಬ್ಬರೇ ಇರುತ್ತಾರೆ, ಕೋಣೆಯ ಬಾಗಿಲು ಹಾಕಿರುತ್ತೆ. ನನ್ನ ಬಾಗಿಲಿಗೆ ಬರುವುದು ಜೀಪು ತುಂಬಿದ ಸಂಸಾರ. ಎರಡನ್ನೂ ಕೂಡಿಸಿಯೇ ಕೆಲಸ ಮಾಡಬೇಕು.

ಎಲ್ಲರೂ ಒಳಗೆ, ಆಮೇಲೆ ಒಬ್ಬರೇ

ಈ ರೈತರ ಜೊತೆ ಬಂದವರು ಹೆಂಡತಿ, ತಮ್ಮ, ಅವ್ವ, ಹತ್ತನೇ ಕ್ಲಾಸಿನ ಮಗ. ಎಲ್ಲರನ್ನೂ ಕೂರಿಸಿ ಸ್ವಲ್ಪ ಹೊತ್ತು ಮಾತಾಡಿದೆ. ಆಮೇಲೆ ಎಲ್ಲರ ಮುಂದೇ ನಿಯಮ ಹೇಳಿದೆ. ಇವರು ನನ್ನ ಜೊತೆ ಒಬ್ಬರೇ ಮಾತಾಡಿದ್ದು ಈ ಕೋಣೆಯಲ್ಲೇ ಉಳಿಯುತ್ತೆ. ಚಿಕಿತ್ಸೆಗೆ ಬೇಕಾದದ್ದನ್ನು ಇವರನ್ನು ಕೇಳಿಯೇ ನಿಮಗೆ ಹೇಳುತ್ತೇನೆ. ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಕಾಯುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದನ್ನು ರೋಗಿಯ ಹಕ್ಕು ಅಂತಲೇ ಹೇಳುತ್ತೆ. ಅವ್ವನಿಗೆ ಬೇಜಾರಾಯಿತು. “ನಮ್ಮ ಹುಡುಗ ನಮ್ಮಿಂದ ಮುಚ್ಚಿಡೂದು ಏನೈತಿ?” ಅಂದರು. “ಮುಚ್ಚಿಡೂದು ಏನೂ ಇಲ್ಲದಿರಬಹುದು ಅಮ್ಮಾ, ನಿಮಗ ತ್ರಾಸ ಆಗಬಾರ್ದು ಅಂತ ನುಂಗಿಕೊಂಡಿದ್ದು ಇರ್ತೈತಿ” ಅಂದೆ. ಎದ್ದು ಹೊರಗೆ ಹೋದರು.

ಒಬ್ಬರೇ ಕೂತಾಗ ಸಾಯುವ ವಿಚಾರ ಬಂದದ್ದುಂಟಾ ಅಂತ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಕ್ಕುಬಿಡುತ್ತೆ ಅಂತ ಬಹಳ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಕೇಳಿದರೆ ಭಾರ ಇಳಿಯುತ್ತೆ. “ಸಾಯಬಾರ್ದು ಅಂತನ ಇಷ್ಟ್ ಒದ್ದಾಡಾಕತ್ತೇನ್ರಿ” ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಸೊಸೈಟಿ ಸಾಲದ ನೋಟಿಸ್ ಬಂದ ರಾತ್ರಿ ಶೆಡ್ಡಿನಲ್ಲಿ ಔಷಧದ ಡಬ್ಬಿಗಳನ್ನು ನೋಡುತ್ತಾ ನಿಂತಿದ್ದನ್ನು ಹೇಳಿದರು. ಅವತ್ತೇ ಅವರ ಒಪ್ಪಿಗೆಯಿಂದ ತಮ್ಮನನ್ನು ಒಳಗೆ ಕರೆದೆ. ಕ್ರಿಮಿನಾಶಕ ಇಟ್ಟ ಶೆಡ್ಡಿಗೆ ಬೀಗ, ಕೀಲಿ ತಮ್ಮನ ಹತ್ತಿರ. ಹಳ್ಳಿಗಳಲ್ಲಿ ಆತ್ಮಹತ್ಯೆ ತಡೆಯಲು ಇದಕ್ಕಿಂತ ಸರಳ, ಇದಕ್ಕಿಂತ ಗಟ್ಟಿ ಹೆಜ್ಜೆ ನನಗೆ ಗೊತ್ತಿಲ್ಲ. ವಿಷ ಕೈಗೆ ಸಿಗದ ಆ ಸ್ವಲ್ಪ ಹೊತ್ತಿನಲ್ಲೇ ಎಷ್ಟೋ ಜೀವ ಉಳಿಯುತ್ತವೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವರ ಫೋನಿಗೂ ಹೆಂಡತಿಯ ಫೋನಿಗೂ ಹಾಕಿಸಿದೆ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಇಲ್ಲ.

ನಾನು ಔಷಧ ಬರೆಯುವವಳಲ್ಲ. ಆಲ್ಪ್ರಜೋಲಾಮ್ ಅನ್ನು ತಿಂಗಳುಗಟ್ಟಲೆ ತಗೊಂಡವರು ಥಟ್ಟನೆ ನಿಲ್ಲಿಸಿದರೆ ಗಾಬರಿ ಇಮ್ಮಡಿಯಾಗಬಹುದು, ಫಿಟ್ಸ್ ಕೂಡ ಬರಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಕಳಿಸಿದೆ. ಅವರು ಗಾಬರಿ, ಖಿನ್ನತೆಗೆ ಕೊಡುವ ಎಸಿಟಲೊಪ್ರಾಮ್ ಸಣ್ಣ ಪ್ರಮಾಣದಲ್ಲಿ ಶುರು ಮಾಡಿ, ಆಲ್ಪ್ರಜೋಲಾಮ್ ಅನ್ನು ನಿಧಾನಕ್ಕೆ ಇಳಿಸುತ್ತಾ ಬಂದರು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಮಾತ್ರೆ ಪುಕ್ಕಟೆ. ಈ ಕಾರ್ಯಕ್ರಮದ ಬೇರು ನಮ್ಮ ರಾಜ್ಯದಲ್ಲೇ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದನ್ನು ನೋಡಿಯೇ 1996ರಲ್ಲಿ ಇದು ದೇಶದ ಕಾರ್ಯಕ್ರಮವಾಯಿತು. ಸಾಲದಲ್ಲಿರುವ ರೈತನಿಗೆ ಪುಕ್ಕಟೆ ಮಾತ್ರೆ ಸಣ್ಣ ಮಾತಲ್ಲ.

ಉಸಿರಿನ ಲೆಕ್ಕ

ಎದೆ ಬಡಿತದಂಥ ಸಾಮಾನ್ಯ ಸೂಚನೆಯನ್ನು ಮನಸ್ಸು “ಸಾವು ಬಂತು” ಅಂತ ಓದಿಕೊಂಡಾಗ ಪ್ಯಾನಿಕ್ ಹುಟ್ಟುತ್ತೆ. 1986ರಲ್ಲಿ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ ಇದನ್ನು ಸ್ಪಷ್ಟವಾಗಿ ಬರೆದರು. ಆ ಓದಿಗೆ ಹೆದರಿ ಬಡಿತ ಇನ್ನೂ ಏರುತ್ತೆ, ಏರಿದ್ದಕ್ಕೆ ಭಯ ಇನ್ನೂ ಏರುತ್ತೆ. ಕೆಲವೇ ನಿಮಿಷದಲ್ಲಿ ತುದಿ ಮುಟ್ಟುತ್ತೆ, ಆಮೇಲೆ ತಾನಾಗಿ ಇಳಿಯುತ್ತೆ. ಆದರೆ ಇಳಿಯುವ ಮುಂಚೆಯೇ ನಾವು ಓಡಿಹೋಗುತ್ತೇವೆ, ಮಾತ್ರೆ ನುಂಗುತ್ತೇವೆ, ಯಾರನ್ನೋ ಕರೆಯುತ್ತೇವೆ. ಅದರಿಂದಲೇ ಬದುಕಿದೆ ಅಂದುಕೊಳ್ಳುತ್ತೇವೆ.

ಇದನ್ನು ಬಾಯಲ್ಲಿ ಹೇಳಿದರೆ ನಂಬಿಕೆ ಹುಟ್ಟುವುದಿಲ್ಲ. ಫಿಜಿಶಿಯನ್ ಒಪ್ಪಿಗೆ ಪಡೆದು, ಎರಡನೇ ಭೇಟಿಯಲ್ಲಿ ಇಬ್ಬರೂ ಎದುರುಬದುರು ಕೂತು ಒಂದು ನಿಮಿಷ ಜೋರಾಗಿ, ಬೇಗ ಬೇಗ ಉಸಿರಾಡಿದೆವು. ಅರ್ಧ ನಿಮಿಷಕ್ಕೇ ಅವರು ಬೆರಳು ನೋಡಿಕೊಂಡರು. ಜುಮ್ಮೆನ್ನುತ್ತಿತ್ತು. ತಲೆ ಹಗುರಾಯಿತು. ನನಗೂ ಹಾಗೇ ಆಯಿತು, ಅದನ್ನೂ ಹೇಳಿದೆ. “ಇದ... ಇದನ ಆಗೂದ್ರಿ ಪಡದಾಗ!” ಅಂದರು. ಬೇಗ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಇಳಿಯುತ್ತೆ. ಮೆದುಳಿಗೆ ಹೋಗುವ ರಕ್ತನಾಳ ಸ್ವಲ್ಪ ಬಿಗಿಯಾಗುತ್ತೆ, ಅದಕ್ಕೇ ತಲೆ ತಿರುಗೋದು, ಮಂಜಾಗೋದು. ಸುಮ್ನೆ ಕೂತು ನಿಧಾನಕ್ಕೆ ಉಸಿರು ಬಿಟ್ಟರೆ ಎಲ್ಲಾ ಸರಿಹೋಗುತ್ತೆ. ಹೋಯಿತು ಕೂಡ. ಆಸ್ತಮಾ, ಫಿಟ್ಸ್, ಹೃದಯದ ಕಾಯಿಲೆ ಇರುವವರು, ಗರ್ಭಿಣಿಯರು ಇದನ್ನು ಮಾಡಬಾರದು. ಮನೆಯಲ್ಲಿ ಒಬ್ಬರೇ ಮಾಡಿ ನೋಡೋದೂ ಬೇಡ.

ಆಗ ಅವರು ಒಂದು ಮಾತು ಅಂದರು. “ನಮ್ಮ ಹೊಲದ ನಾಯಿ ಹಂಗನ್ರಿ. ಕಳ್ಳ ಬಂದ್ರೂ ಬೊಗಳ್ತೈತಿ, ಗಾಳಿಗೆ ಎಲಿ ಅಳ್ಳಾಡಿದ್ರೂ ಬೊಗಳ್ತೈತಿ.” ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಅವರ ಡೈರಿಯ ಮೊದಲ ಹಾಳೆಯಲ್ಲಿ ಅವರ ಕೈಯಿಂದಲೇ ಬರೆಸಿದೆ.

ಅಂಗಿ ಜೇಬಿನಲ್ಲಿ ಸದಾ ಸಾರ್ಬಿಟ್ರೇಟ್ ಇರುತ್ತಿತ್ತು. ದೊಡ್ಡಪ್ಪನ ಮಗ ತೀರಿಕೊಂಡ ಮೇಲೆ ಯಾರೋ ಹೇಳಿದ್ದಂತೆ, ಎದೆ ನೋವು ಬಂದರೆ ನಾಲಗೆ ಕೆಳಗೆ ಇಟ್ಟುಕೋ ಅಂತ. ಹೃದಯದ ಕಾಯಿಲೆ ಇರುವವರಿಗೆ ಡಾಕ್ಟರು ಹೇಳಿ ಕೊಡುವ ಮಾತ್ರೆ ಅದು. ರಕ್ತನಾಳ ಸಡಿಲ ಮಾಡಿ ಬಿಪಿ ಇಳಿಸುತ್ತೆ, ತಲೆ ನೋಯುತ್ತೆ, ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತೆ. ಗಾಬರಿಯಾದಾಗೆಲ್ಲಾ ಇವರು ಅದನ್ನು ಇಟ್ಟುಕೊಳ್ಳುತ್ತಿದ್ದರು. ಅದರಿಂದ ತಲೆ ತಿರುಗುತ್ತಿತ್ತು, ಅದಕ್ಕೆ ಇನ್ನೂ ಹೆದರುತ್ತಿದ್ದರು. ಫಿಜಿಶಿಯನ್ ಕೂರಿಸಿ ವಿವರಿಸಿ ಅದನ್ನು ಬಿಡಿಸಿದರು. ದಿನಕ್ಕೆ ಏಳೆಂಟು ಕಪ್ ಚಹಾವನ್ನೂ ಕಡಿಮೆ ಮಾಡಿಸಿದೆವು. ಗುಟ್ಕಾ ಬಿಡೋದು ಮಾತ್ರ ಬಹಳ ತಡವಾಯಿತು.

ಹೆಂಡತಿಯ ಕೈ

ಈ ಪ್ರಕರಣ ತಿರುಗಿದ್ದು ಇಲ್ಲಿ.

ಮನೆಯಲ್ಲಿ ಏನೇನು ಬದಲಾಗಿದೆ ಅಂತ ಎಲ್ಲರನ್ನೂ ಕೂರಿಸಿ ಕೇಳಿದೆ. ಒಬ್ಬೊಬ್ಬರೂ ಹೇಳುತ್ತಾ ಹೋದಂತೆ ಕೋಣೆ ಭಾರವಾಯಿತು. ತಮ್ಮ ಪಡದ ಕೆಲಸವನ್ನೆಲ್ಲಾ ಹೊತ್ತುಕೊಂಡು, ಅಣ್ಣನಿಗೆ ಚಿಂತೆಯಾಗಬಾರದು ಅಂತ ಒಣದ್ರಾಕ್ಷಿಯ ದರವನ್ನೂ ಹೇಳುತ್ತಿರಲಿಲ್ಲ. ಅವ್ವ ಗಂಟೆಗೊಮ್ಮೆ “ಹೆಂಗ್ ಅನಸ್ತೈತೋ ಯಪ್ಪಾ?” ಅನ್ನುತ್ತಿದ್ದರು. ಮಗ ಅಪ್ಪನ ಜೊತೆಗೆ ಇರಬೇಕು ಅಂತ ವಾರದಲ್ಲಿ ಎರಡು ಮೂರು ದಿನ ಶಾಲೆ ಬಿಡುತ್ತಿದ್ದ. ಎಸ್ಸೆಸ್ಸೆಲ್ಸಿ ವರ್ಷ. ಹೆಂಡತಿ ರಾತ್ರಿ ಗಂಡನ ಎದೆ ಮೇಲೆ ಕೈ ಇಟ್ಟುಕೊಂಡೇ ಮಲಗುತ್ತಿದ್ದರು. ಬಡಿತ ನಡೆದಿದೆಯಾ ಅಂತ ನೋಡಲಿಕ್ಕೆ.

“ನಾ ಕೈ ತಗದಾಗನ ಏನರ ಆದ್ರ ಮೇಡಂ? ಆವಾಗ ನಾ ಹೆಂಗ್ ಬದಕ್ಲಿ?” ಅಂದರು.

ಆ ಮಾತಿಗೆ ಉತ್ತರವಾಗಿ ಬುದ್ಧಿ ಹೇಳುವುದಕ್ಕೆ ಏನೂ ಇರಲಿಲ್ಲ. ನಾಲ್ಕು ತಿಂಗಳು ಸರಿಯಾಗಿ ನಿದ್ದೆ ಮಾಡದ ಹೆಣ್ಣುಮಗಳು. ಅವರ ಭಯವನ್ನು ಮೊದಲು ಕೇಳಬೇಕಿತ್ತು, ಕೇಳಿದೆ. ಆಮೇಲೆ ಗಂಡನನ್ನು ಕೇಳಿದೆ, ಆ ಕೈ ಎದೆ ಮೇಲಿದ್ದಾಗ ನಿಮಗೆ ಏನನ್ನಿಸುತ್ತೆ? ಬಹಳ ಹೊತ್ತಿನ ಮೇಲೆ ಹೇಳಿದರು. “ಧೈರ್ಯ ಬರ್ತೈತ್ರಿ. ಹಂಗ... ನನಗ ಏನೋ ದೊಡ್ಡದು ಆಗೇತಿ, ಇಕಿಗೆ ಗೊತ್ತೈತಿ, ಹೇಳವಲ್ಲಳು ಅನ್ನೂದೂ ಬರ್ತೈತಿ.”

ಹೆಂಡತಿ ಮುಖ ಎತ್ತಿ ಗಂಡನನ್ನೇ ನೋಡಿದರು. ನಾನು ವಿವರಿಸುವ ಕೆಲಸ ಅಲ್ಲಿಗೆ ಮುಗಿದಿತ್ತು.

ಮನೆಯವರಿಗೆ “ನೀವು ಹೀಗೆ ಮಾಡಿದ್ದಕ್ಕೇ ಹೀಗಾಯಿತು” ಅಂತ ಹೇಳುವ ಸಮಾಲೋಚಕರನ್ನು ನೋಡಿದ್ದೇನೆ. ನನಗದು ಒಪ್ಪಿಗೆಯಿಲ್ಲ. ಪ್ರೀತಿಯಿಂದ ಮಾಡಿದ್ದಕ್ಕೆ ಅಪರಾಧದ ಹೊರೆ ಹೊರಿಸಿದರೆ ಅವರು ಮತ್ತೆ ಬರುವುದೇ ಇಲ್ಲ. ನಾವು ಮಾಡಿದ್ದು ಇಷ್ಟೇ. ಅವರ ಕಾಳಜಿಗೆ ಬೇರೆ ಕೆಲಸ ಕೊಟ್ಟೆವು. ಆರೋಗ್ಯದ ಮಾತು ದಿನಕ್ಕೆ ಒಂದೇ ಸಲ, ರಾತ್ರಿ ಊಟ ಆದ ಮೇಲೆ ಹತ್ತು ನಿಮಿಷ. ಅವ್ವ ಹೆಂಗೈತಿ ಅಂತ ಕೇಳುವ ಬದಲು, ಇವತ್ತು ಏನು ಕೆಲಸ ಮಾಡಿದಿ ಅಂತ ಕೇಳಬೇಕು. ತಮ್ಮ ದರ, ಲೆಕ್ಕ, ಸಾಲ ಎಲ್ಲಾ ಅಣ್ಣನ ಮುಂದೆ ಇಡಬೇಕು. ಮಗ ಶಾಲೆಗೆ. ಇದಕ್ಕೆ ಚರ್ಚೆಯೇ ಬೇಕಾಗಲಿಲ್ಲ, ಅಪ್ಪನೇ ಮೊದಲು ಹೇಳಿದರು. ಎದೆ ಮೇಲಿನ ಕೈ ಮಾತ್ರ ಒಂದೇ ದಿನಕ್ಕೆ ತೆಗೆಯೋದು ಬೇಡ ಅಂತ ಇಬ್ಬರೂ ಕೇಳಿಕೊಂಡರು. ಮೊದಲು ನಿದ್ದೆ ಹತ್ತುವವರೆಗೆ, ಆಮೇಲೆ ಕೈ ಹಿಡಿದುಕೊಂಡು, ಆಮೇಲೆ ಪಕ್ಕದಲ್ಲಿ ಸುಮ್ನೆ. ಅವರ ಗತಿ, ಅವರ ಲೆಕ್ಕ.

ತಾಯಿತದ ಬಗ್ಗೆ ಹೆಂಡತಿಯೇ ಕೇಳಿದರು, ತೆಗೀಬೇಕಾ ಅಂತ. ಬೇಡ ಅಂದೆ. ದೇವರ ಮೇಲಿನ ಭಕ್ತಿಗೂ ನನ್ನ ಕೆಲಸಕ್ಕೂ ಜಗಳವಿಲ್ಲ. ತಾಯಿತ ಮರೆತು ಬಂದೆ ಅಂತ ಅರ್ಧ ದಾರಿಯಿಂದ ಮನೆಗೆ ಓಡುವ ಹಾಗಾದರೆ ಮಾತ್ರ ಮಾತಾಡೋಣ ಅಂದೆ. ಅಂಥದ್ದೇನೂ ಆಗಲಿಲ್ಲ.

ಪಡಕ್ಕೆ ವಾಪಸ್

ಹೆದರಿದ ಜಾಗಕ್ಕೆ ಮೆಲ್ಲಗೆ, ಆದರೆ ಬಿಡದೆ ಹೋಗಬೇಕು. ಅಲ್ಲಿ ನಿಂತು, ಭಯ ಏರಿ ಇಳಿಯೋದನ್ನು ಕಣ್ಣಾರೆ ನೋಡಬೇಕು. ಮಾತಿನಿಂದ ಭಯ ಹೋಗುವುದಿಲ್ಲ, ಮಾತು ಅಲ್ಲಿಯವರೆಗೆ ಕರೆದೊಯ್ಯುತ್ತೆ. ಇದನ್ನು ನಾನು ಎಲ್ಲರಿಗೂ ಮೊದಲೇ ಹೇಳುತ್ತೇನೆ. ನನ್ನ ಕೋಣೆಗೆ ಬಂದು ಮಾತಾಡಿ ಹಗುರಾಗಿ ಹೋಗೋದಷ್ಟೇ ಸಾಕು ಅನ್ನುವವರಿಗೆ ಈ ಕಾಯಿಲೆಯಲ್ಲಿ ಗುಣವಾಗುವುದು ಕಷ್ಟ.

ಕ್ಲಿನಿಕ್ಕಿನಲ್ಲಿ ಮೆಟ್ಟಿಲು ಹತ್ತಿ ಇಳಿದೆವು, ನಿಂತಲ್ಲೇ ಓಡಿದೆವು, ಮುಖಕ್ಕೆ ಟವೆಲ್ ಬಿಗಿದು ಕಟ್ಟಿಕೊಂಡು ಕೂತೆವು. ಟವೆಲ್ ಕಟ್ಟಿದ ಮೊದಲ ಸಲ ಅವರು ಎದ್ದು ಕಿಟಕಿಗೆ ಹೋಗಿಬಿಟ್ಟರು. ಎರಡನೇ ಸಲ ಕೂತರು. ಬೆವರು ಇಳಿಯುತ್ತಿತ್ತು. ಬಡಿತ ಏರಿದ್ದನ್ನು ಅವರೇ ಜೋರಾಗಿ ಹೇಳುತ್ತಿದ್ದರು, ಇಳಿದದ್ದನ್ನೂ ಅವರೇ ಹೇಳಿದರು.

ಊರಲ್ಲಿ ಮೊದಲು ಪಡದ ಬದುವಿನವರೆಗೆ, ತಮ್ಮ ಜೊತೆಗೆ. ಆಮೇಲೆ ತಮ್ಮ ರಸ್ತೆಯಲ್ಲೇ ನಿಂತು ಇವರು ಒಳಗೆ. ಆಮೇಲೆ ತಮ್ಮ ಮನೆಯಲ್ಲೇ ಉಳಿದರು, ಇವರು ಒಬ್ಬರೇ ಪಡಕ್ಕೆ. ಆಫಾಗಿರುವ ಟ್ರ್ಯಾಕ್ಟರ್ ಮೇಲೆ ಸುಮ್ಮನೆ ಕೂರೋದು ಒಂದು ವಾರದ ಕೆಲಸವಾಯಿತು. ಏಪ್ರಿಲ್ ಚಾಟನಿಗೆ ಆಳುಗಳ ಜೊತೆ ಇಡೀ ದಿನ ಪಡದಲ್ಲಿ ಇದ್ದರು. ಔಷಧ ಹೊಡೆಯುವ ದಿನ ಬಂದಾಗ ಟವೆಲ್ ಬದಲು ಸರಿಯಾದ ಮಾಸ್ಕ್, ಕೈಗವಸು ಕೊಂಡುಕೊಳ್ಳಿ, ಹೊಟ್ಟೆ ತುಂಬ ಉಂಡು ಹೋಗಿ ಅಂದೆ. ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಜೇಬಿನ ಮಾತ್ರೆ, ನೀರಿನ ಬಾಟಲಿ, ಜೊತೆಗಾರ, ಇವು ಇಲ್ಲದ ಅಪಾಯದಿಂದ ಕಾಯುವಂಥವು, ಒಂದೊಂದಾಗಿ ಬಿಡಿಸಬೇಕು. ಔಷಧದಿಂದ ಕಾಯುವ ಮಾಸ್ಕ್ ನಿಜವಾದ ಅಪಾಯಕ್ಕೆ. ಧೈರ್ಯ ಕಲಿಸುವ ಭರದಲ್ಲಿ ಅದನ್ನು ತೆಗೆಸಬಾರದು.

ಬಸ್ಸಿನ ಪ್ರಯಾಣ ನಾನು ಅಂದುಕೊಂಡದ್ದಕ್ಕಿಂತ ಸುಲಭವಾಗಿ ಆಯಿತು. ತಿಕೋಟಾದವರೆಗೆ, ಆಮೇಲೆ ವಿಜಯಪುರಕ್ಕೆ. ಮೇ ತಿಂಗಳಿಂದ ನನ್ನ ಬಳಿಗೂ ಒಬ್ಬರೇ ಬರತೊಡಗಿದರು.

ಒಂದು ಜಾಗವನ್ನು ಪಟ್ಟಿಯಲ್ಲಿ ಬೇಕೆಂದೇ ಕೊನೆಗೆ ಇಟ್ಟಿದ್ದೆವು. ದೊಡ್ಡಪ್ಪನ ಮಗನ ಮನೆ. ಅದೇ ಓಣಿ, ಆದರೂ ಸುತ್ತು ಹಾಕಿಕೊಂಡು ಓಡಾಡುತ್ತಿದ್ದರು. ಎಲ್ಲರೂ ಅದನ್ನೂ ಗಾಬರಿಯ ಲೆಕ್ಕಕ್ಕೇ ಹಾಕಿದ್ದರು. ನನಗೆ ಅಲ್ಲಿ ದುಃಖ ಜಾಸ್ತಿ ಕಾಣಿಸಿತು. ಅವತ್ತು ಎಲ್ಲಾ ಓಡಾಟ ಮಾಡಿದ ಮನುಷ್ಯ ಅಳಲಿಕ್ಕೆ ಕೂತಿರಲೇ ಇಲ್ಲ. ಸೆಪ್ಟೆಂಬರಿನಲ್ಲಿ ವರ್ಷದ ದಿನ ಹತ್ತಿರ ಬಂದಂತೆ ಮತ್ತೆ ಎರಡು ಅಟ್ಯಾಕ್ ಆದವು. ಮನೆಯವರು ಎಲ್ಲಾ ಹಾಳಾಯಿತು ಅಂದುಕೊಂಡರು. ಇಂಥ ದಿನಗಳಲ್ಲಿ ಮರಳಿ ಬರೋದು ಸಹಜ, ಕಲಿತದ್ದು ಎಲ್ಲೂ ಹೋಗಿಲ್ಲ ಅಂತ ಹೇಳಿ, ಈ ಸಲ ಉಸಿರಿನ ಬಗ್ಗೆ ಮಾತು ಬಿಟ್ಟು ತೀರಿಹೋದ ಆ ಅಣ್ಣನ ಬಗ್ಗೆ ಮಾತಾಡಿಸಿದೆ. ಇಬ್ಬರೂ ಕೂಡಿ ಮೊದಲ ವರ್ಷದ ದ್ರಾಕ್ಷಿಗೆ ಟ್ಯಾಂಕರಿನಲ್ಲಿ ನೀರು ಹೊತ್ತದ್ದು, ಮೊದಲ ಲೋಡು ಮಹಾರಾಷ್ಟ್ರದ ತಾಸಗಾಂವದ ಪೇಟೆಗೆ ಹೋದದ್ದು. ಹೇಳುತ್ತಾ ಹೇಳುತ್ತಾ ಅತ್ತರು. ವರ್ಷದ ದಿನ ಆ ಮನೆಗೆ ಹೋಗಿ ಬಡಿಸುವ ಕೆಲಸ ಮಾಡಿದರು. ಅಟ್ಯಾಕ್ ಬರಲಿಲ್ಲ.

ಈಗ

ಪ್ಯಾನಿಕ್ ತೀವ್ರತೆ ಅಳೆಯಲು ಏಳು ಪ್ರಶ್ನೆಗಳ ಒಂದು ಮಾಪನ ಇದೆ, ಗರಿಷ್ಠ 28. ಮೊದಲ ಭೇಟಿಯಲ್ಲಿ ಅವರ ಅಂಕ 19. ಮುಂದಿನ ಅಕ್ಟೋಬರ್ ಚಾಟನಿ ಹೊತ್ತಿಗೆ 4. ಆಲ್ಪ್ರಜೋಲಾಮ್ ಪೂರ್ತಿ ನಿಂತಿದೆ. ಎಸಿಟಲೊಪ್ರಾಮ್ ಇನ್ನೂ ಕೆಲವು ತಿಂಗಳು ಮುಂದುವರಿಯಲಿ ಅಂತ ಮನೋವೈದ್ಯರು ಹೇಳಿದ್ದಾರೆ, ಚೆನ್ನಾಗಿದ್ದೇನೆ ಅಂತ ತಾವೇ ನಿಲ್ಲಿಸಬಾರದು. ಎದೆ ಆಗಾಗ ಬಡಿದುಕೊಳ್ಳುತ್ತೆ. ಬಡಿದಾಗ ಕೆಲಸ ನಿಲ್ಲಿಸುವುದಿಲ್ಲ. ಸಾಲ ಹಾಗೇ ಇದೆ. ಅದನ್ನು ನನ್ನ ಥೆರಪಿ ತೀರಿಸಲಾರದು, ಆದರೆ ಕಂತಿನ ಮಾತನ್ನು ಅಣ್ಣತಮ್ಮ ಕೂಡಿ ಸೊಸೈಟಿಗೆ ಹೋಗಿ ಆಡಿ ಬಂದಿದ್ದಾರೆ. ಮಗ ಪಾಸಾಗಿ ಪಿಯುಗೆ ಸೇರಿದ.

ಅವರು ಈಗ ಮೂರು ತಿಂಗಳಿಗೊಮ್ಮೆ ಬಂದರೆ ಸಾಕು. ಹದಿನೈದು ದಿನಕ್ಕೊಮ್ಮೆ ತಪ್ಪದೆ ಬರುತ್ತಿರುವವರು ಅವರ ಹೆಂಡತಿ. ಗಂಡ ನಿದ್ದೆ ಹೋದರೂ ಅವರಿಗೆ ನಿದ್ದೆ ಬರುತ್ತಿರಲಿಲ್ಲ, ಆ ಮಾತನ್ನು ಅವರಾಗಿಯೇ ಎತ್ತಿದರು. ಅವರಿಗೆ ಬೇರೆಯೇ ಫೈಲ್ ಮಾಡಿದ್ದೇನೆ. ಅದರಲ್ಲಿರುವುದು ಅವರ ಗಂಡನಿಗೂ ಗೊತ್ತಿಲ್ಲ.